ತಾನೇ ನುಡಿಯುವ ಪಿಯಾನೋದ ಒಳಗೆ ಏನು ನಡೆಯುತ್ತದೆ?

ಯಾರೂ ಕೂತಿರದ ಪಿಯಾನೋ. ಕಪ್ಪು ಬಿಳಿ ಕೀಗಳು ತಾವಾಗಿಯೇ ಕೆಳಗಿಳಿದು ಮೇಲೇಳುತ್ತಿವೆ, ಕೆಳಗೆ ಪೆಡಲ್ ಕೂಡ ಆಡುತ್ತಿದೆ. ಇಂಥ ವಿಡಿಯೋ ನಿಮ್ಮ ಫೋನಿಗೂ ಬಂದಿರಬೇಕು. ಧಾರವಾಡದಲ್ಲಿ ನನ್ನ ಹತ್ತಿರ ಪೇಟಿ (ಹಾರ್ಮೋನಿಯಂ) ಕಲಿಯಲು ಬರುವ ಹುಡುಗರಿಗೆ ಅದನ್ನು ತೋರಿಸಿದೆ. ಒಬ್ಬ ತಕ್ಷಣ ಕೇಳಿದ: "ಸರ್, ಒಳಗ ಸ್ಪೀಕರ್ ಇಟ್ಟಿರ್ತಾರ, ಕೀ ಸುಮ್ನ ಅಲ್ಲಾಡ್ತಾವ, ಹೌದಲ್ರಿ?"

ಸಹಜವಾದ ಅನುಮಾನ. ಆದರೆ ಇಂಥ ಪಿಯಾನೋದ ನಾದ ಸ್ಪೀಕರಿನಿಂದ ಬರುವುದಿಲ್ಲ. ಜೊತೆಗೆ ಗಾಯನವೋ ಬೇರೆ ವಾದ್ಯವೋ ಕೇಳಬೇಕಿದ್ದರೆ ಅದಕ್ಕೆ ಸ್ಪೀಕರ್ ಇರುತ್ತದೆ, ಅಷ್ಟೇ. ಪಿಯಾನೋ ಮಾತ್ರ ನಿಜವಾಗಿಯೇ ನುಡಿಯುತ್ತದೆ. ಸುತ್ತಿಗೆ ತಂತಿಗೆ ಬಡಿಯುತ್ತದೆ, ತಂತಿ ನಡುಗುತ್ತದೆ, ಅದರಡಿಯ ಮರದ ಹಲಗೆ ಆ ನಾದವನ್ನು ಕೋಣೆಗೆಲ್ಲ ಹರಡುತ್ತದೆ. ಅಲ್ಲಿ ರೆಕಾರ್ಡ್ ಆಗಿರುವುದು ಒಬ್ಬರ ಬೆರಳು ಸುತ್ತಿಗೆಗೆ ಕೊಟ್ಟ ವೇಗ. ಸದ್ದು ಪ್ರತಿ ಸಲವೂ ಹೊಸದಾಗಿ ಹುಟ್ಟುತ್ತದೆ.

ಸದ್ದು ಬಿಟ್ಟು ವೇಗವನ್ನು ಮಾತ್ರ ಬರೆದಿಟ್ಟರೆ ಹೇಗೆ ಸಾಕಾಗುತ್ತದೆ? ಅದು ಗೊತ್ತಾಗಬೇಕಾದರೆ ಪಿಯಾನೋದ ಹೊಟ್ಟೆಯೊಳಗೆ ಒಮ್ಮೆ ಇಣುಕಬೇಕು.

ಸುತ್ತಿಗೆ ಒಂಟಿಯಾಗುವ ಕ್ಷಣ

ಯಾರದಾದರೂ ಮನೆಯಲ್ಲೋ ಶಾಲೆಯಲ್ಲೋ ನಿಜವಾದ ಪಿಯಾನೋ ಸಿಕ್ಕರೆ, ಮೇಲಿನ ಮುಚ್ಚಳ ತೆಗೆಸಿ ಒಂದು ಪರೀಕ್ಷೆ ಮಾಡಿ. ಒಂದು ಕೀಯನ್ನು ತೀರಾ ನಿಧಾನವಾಗಿ, ತಳ ಮುಟ್ಟುವ ತನಕ ಒತ್ತಿ. ಸದ್ದೇ ಬರುವುದಿಲ್ಲ. ಫೆಲ್ಟ್ (ಒತ್ತಿ ಮಾಡಿದ ದಪ್ಪ ಉಣ್ಣೆಬಟ್ಟೆ) ಸುತ್ತಿದ ಪುಟ್ಟ ಮರದ ಸುತ್ತಿಗೆ ತಂತಿಯ ಕಡೆ ಮೆಲ್ಲಗೆ ಹೋಗುತ್ತದೆ, ಇನ್ನೇನು ಮುಟ್ಟಿತು ಅನ್ನುವಾಗ ಅದನ್ನು ತಳ್ಳುತ್ತಿದ್ದ ಮರದ ತುಂಡು ಪಕ್ಕಕ್ಕೆ ಸರಿಯುತ್ತದೆ, ಸುತ್ತಿಗೆ ಹಿಂದಕ್ಕೆ ಬೀಳುತ್ತದೆ. ಬೆರಳಿಗೂ ಅದು ಗೊತ್ತಾಗುತ್ತದೆ: ಕೀ ತಳದ ಹತ್ತಿರ ಬಂದಾಗ ಒಂದು ಸಣ್ಣ ಗಂಟು ದಾಟಿದ ಹಾಗೆ.

ಆ ಗಂಟೇ ಪಿಯಾನೋದ ಗುಟ್ಟು. ಇಟಲಿಯ ಕ್ರಿಸ್ತೋಫೋರಿ 1700ರ ಸುಮಾರಿಗೆ ಮಾಡಿದ ಮೊದಲ ಪಿಯಾನೋದಲ್ಲೇ ಈ ಉಪಾಯ ಇತ್ತು. ಸುತ್ತಿಗೆ ತಂತಿಯಿಂದ ಒಂದೆರಡು ಮಿಲಿಮೀಟರ್ ದೂರದಲ್ಲಿರುವಾಗ ಬೆರಳಿಗೂ ಅದಕ್ಕೂ ಸಂಬಂಧ ಕಡಿಯುತ್ತದೆ. ಕೊನೆಯ ಆ ಪುಟ್ಟ ದೂರವನ್ನು ಅದು ಒಂಟಿಯಾಗಿ ಹಾರಿ ದಾಟುತ್ತದೆ. ಹಾಗಾಗಿ ಬಡಿದ ತಕ್ಷಣ ಹಿಂದೆ ಬರುತ್ತದೆ, ತಂತಿ ನಿರಾಳವಾಗಿ ನುಡಿಯುತ್ತದೆ. ಸುತ್ತಿಗೆ ತಂತಿಗೆ ಒತ್ತಿಕೊಂಡೇ ನಿಂತಿದ್ದರೆ ನಾದ ಅಲ್ಲೇ ಸತ್ತುಹೋಗುತ್ತಿತ್ತು.

ಇದರಿಂದ ಒಂದು ದೊಡ್ಡ ಅನುಕೂಲ ಆಯಿತು. ಹಾರುವ ಸುತ್ತಿಗೆಗೆ ಬೆರಳು ಯಾರದು, ಅವರ ಮನಸ್ಸಿನಲ್ಲಿ ಏನಿತ್ತು ಎಂಬುದೇನೂ ಗೊತ್ತಿಲ್ಲ. ಅದರ ಹತ್ತಿರ ಉಳಿದಿರುವುದು ವೇಗ ಮಾತ್ರ. ನಿಧಾನವಾಗಿ ಬಂದರೆ ಮೆತ್ತನೆಯ ನಾದ. ಜೋರಾಗಿ ಬಂದರೆ ಫೆಲ್ಟ್ ಅಮುಕಿಕೊಂಡು ಗಟ್ಟಿಯಾಗುತ್ತದೆ, ಆಗ ನಾದ ದೊಡ್ಡದಾಗುವುದರ ಜೊತೆಗೆ ಮೊನಚೂ ಆಗುತ್ತದೆ. ಬೆರಳಿನ ತುದಿ ಕೀಗೆ ತಾಗಿದ ಟಕ್ ಸದ್ದು, ಕೀ ತಳಕ್ಕೆ ಬಡಿದ ಸದ್ದು ಸ್ವಲ್ಪ ಬೆರೆಯುತ್ತವೆ ನಿಜ. ಆದರೆ ತಂತಿಯ ನಾದಕ್ಕೆ ಬೇಕಾದ್ದು ಯಾವ ಕೀ, ಯಾವಾಗ, ಎಷ್ಟು ವೇಗ, ಎಷ್ಟು ಹೊತ್ತು ಒತ್ತಿ ಹಿಡಿದಿದ್ದು, ಪೆಡಲ್ ಎಲ್ಲಿತ್ತು ಎಂಬ ಲೆಕ್ಕ. ಇಷ್ಟನ್ನು ಸರಿಯಾಗಿ ಅಳೆದು ಸರಿಯಾಗಿ ಮರಳಿಸಿದರೆ ಅದೇ ನುಡಿಸಾಣಿಕೆ ಅದೇ ಪಿಯಾನೋದಲ್ಲಿ ಮತ್ತೆ ಹುಟ್ಟುತ್ತದೆ.

"ಸರಿಯಾಗಿ" ಅನ್ನುವ ಮಾತಿನಲ್ಲೇ ನೂರು ವರ್ಷಕ್ಕೂ ಜಾಸ್ತಿ ಕಾಲದ ಕಷ್ಟ ಅಡಗಿದೆ.

ತೂತು ಹೊಡೆದ ಕಾಗದ

ಗದಗ-ಬೆಟಗೇರಿಯ ನೇಕಾರರ ಓಣಿಯಲ್ಲಿ ಜಕಾರ್ಡ್ ಮಗ್ಗ ನೋಡಿದವರಿಗೆ ಮೊದಲ ಕಾಲದ ಸ್ವಯಂಚಾಲಿತ ಪಿಯಾನೋ ಅರ್ಥ ಮಾಡಿಸುವುದು ಸುಲಭ. ಮಗ್ಗದ ಮೇಲೆ ತೂತು ಹೊಡೆದ ರಟ್ಟುಗಳ ಸರ ತಿರುಗುತ್ತಿರುತ್ತದೆ. ತೂತು ಇದ್ದಲ್ಲಿ ಒಂದು ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಇಲ್ಲ. ಅಂಚಿನ ಹೂವು ಹಾಗೆ ಮೂಡುತ್ತದೆ. ಪಿಯಾನೋದಲ್ಲಿ ರಟ್ಟಿನ ಬದಲು ಕಾಗದದ ಸುರುಳಿ, ಎಳೆಯ ಬದಲು ಸುತ್ತಿಗೆ. ಹಿತ್ತಾಳೆಯ ಪಟ್ಟಿಯ ಮೇಲೆ ಕಾಗದ ಸರಿಯುವಾಗ ತೂತು ಬಂದಲ್ಲಿ ಗಾಳಿ ಒಳಗೆ ನುಗ್ಗುತ್ತದೆ, ಆ ಕೀಯ ಕವಾಟ ತೆರೆಯುತ್ತದೆ, ಒಂದು ಪುಟ್ಟ ತಿದಿ ಕುಗ್ಗಿ ಸುತ್ತಿಗೆಯನ್ನು ಎತ್ತುತ್ತದೆ. ಕೆಳಗೆ ಕೂತವರು ಕಾಲಿನಿಂದ ತುಳಿದು ಗಾಳಿ ಹೀರಿಸಬೇಕು. ಅಮೆರಿಕದ ಎಡ್ವಿನ್ ವೋಟಿ 1895ರಲ್ಲಿ ಕಟ್ಟಿದ ಪಿಯಾನೋಲಾ ಈ ಜಾತಿಯದು. 1908ರಲ್ಲಿ ತಯಾರಕರೆಲ್ಲ ಬಫಲೋ ಎಂಬ ಊರಿನಲ್ಲಿ ಸೇರಿ ಸುರುಳಿಯ ಅಳತೆ ಒಪ್ಪಿಕೊಂಡರು. ಆಮೇಲೆ ಒಬ್ಬರ ಸುರುಳಿ ಇನ್ನೊಬ್ಬರ ಪಿಯಾನೋದಲ್ಲೂ ಓಡತೊಡಗಿತು.

ಜರ್ಮನಿಯ ವೆಲ್ಟೆ ಕಂಪನಿ 1904ರಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ಕಲಾವಿದರು ನುಡಿಸಿದ್ದರ ಏರಿಳಿತವನ್ನೂ ಸುರುಳಿಗೆ ತಂದಿತು. ಯುರೋಪಿನ ದೊಡ್ಡ ಸಂಗೀತ ರಚನಕಾರರಾದ ದೆಬುಸ್ಸಿ, ಗ್ರೀಗ್, ಸಾಂ-ಸಾನ್ಸ್ ಅವರೆಲ್ಲ ಅದಕ್ಕೆ ನುಡಿಸಿದ್ದಾರೆ. ಇನ್ನೊಬ್ಬ ರಚನಕಾರ ಗುಸ್ತಾವ್ ಮಾಹ್ಲರ್ ನುಡಿಸಿದ್ದು ಇವತ್ತು ಉಳಿದಿದ್ದರೆ ಅದು 1905ರ ಆ ಸುರುಳಿಗಳಲ್ಲಿ ಮಾತ್ರ. ನನಗೆ ಇದು ಬಹಳ ದೊಡ್ಡ ವಿಷಯ ಅನಿಸುತ್ತದೆ. ಧ್ವನಿಮುದ್ರಣ ಇನ್ನೂ ಕರಕರ ಅನ್ನುತ್ತಿದ್ದ ಕಾಲದಲ್ಲಿ ಕಾಗದ ಒಬ್ಬರ ಕೈಯನ್ನು ಹಿಡಿದಿಟ್ಟುಕೊಂಡಿತು.

ಆದರೆ ಸರಿಯಾಗಿ ಹಿಡಿಯಿತೇ? ಪೂರ್ತಿ ಇಲ್ಲ. ಗಾಳಿಯ ಒತ್ತಡವೇ ಜೋರು-ಮೆಲ್ಲಗೆ ನಿರ್ಧರಿಸುತ್ತಿತ್ತು, ಮತ್ತು ಆ ಒತ್ತಡ ಒಂದೊಂದು ಕೀಗೂ ಬೇರೆ ಇರಲಿಲ್ಲ. ಮಂದ್ರದ ಅರ್ಧಕ್ಕೆ ಒಂದು, ತಾರದ ಅರ್ಧಕ್ಕೆ ಒಂದು. ಒಂದೇ ಕೈ ಒಟ್ಟಿಗೆ ಒತ್ತಿದ ಮೂರು ಸ್ವರಗಳಲ್ಲಿ ನಡುವಿನದನ್ನು ಮಾತ್ರ ತುಸು ಎತ್ತಿ ನುಡಿಸಿದ್ದರೆ ಅದನ್ನು ನೇರವಾಗಿ ಬರೆಯುವ ದಾರಿ ಇರಲಿಲ್ಲ. ಆ ಸ್ವರದ ತೂತನ್ನು ಒಂದಿಷ್ಟು ಹಿಂದೆ-ಮುಂದೆ ಸರಿಸಿ, ಒತ್ತಡ ಬದಲಿಸಿ ಹೇಗೋ ಸಾಧಿಸುತ್ತಿದ್ದರು. ಸಂಗೀತ ಇರುವುದೇ ಅಂಥ ತುಸು ಎತ್ತುವುದರಲ್ಲಿ, ತುಸು ತಗ್ಗಿಸುವುದರಲ್ಲಿ ಅಲ್ವಾ? ಮುಂದೆ ರೇಡಿಯೋ ಬಂತು, ಗ್ರಾಮೋಫೋನ್ ಸುಧಾರಿಸಿತು, 1929ರ ಆರ್ಥಿಕ ಕುಸಿತವೂ ಬಂತು. ಸುರುಳಿಯ ಪಿಯಾನೋಗಳು ಮೂಲೆ ಸೇರಿದವು.

ಕರೆಂಟು ಬಂದ ಮೇಲೆ

1970ರ ದಶಕದ ಕೊನೆಗೆ ಕಾಗದದ ಜಾಗಕ್ಕೆ ಕ್ಯಾಸೆಟ್ ಬಂತು, 80ರ ದಶಕದಲ್ಲಿ ಫ್ಲಾಪಿ ಡಿಸ್ಕ್. ಯಮಹಾ ಕಂಪನಿಯ ತಾನೇ ನುಡಿಯುವ ಪಿಯಾನೋದ ಡಿಸ್‌ಕ್ಲಾವಿಯರ್ ಹೆಸರಿನಲ್ಲಿ ಆ ಡಿಸ್ಕ್ ಇನ್ನೂ ಇದೆ. ಗಾಳಿಯ ಕೆಲಸವನ್ನು ಸೊಲೆನಾಯ್ಡ್‌ಗೆ ಒಪ್ಪಿಸಿದರು. ತಾಮ್ರದ ತಂತಿ ಸುತ್ತಿದ ಸುರುಳಿ, ನಡುವೆ ಕಬ್ಬಿಣದ ಕಡ್ಡಿ. ಕರೆಂಟು ಹರಿಸಿದರೆ ಕಡ್ಡಿ ಮೇಲಕ್ಕೆ ಜಿಗಿದು ಕೀಯ ಹಿಂತುದಿಯನ್ನು ಎತ್ತುತ್ತದೆ. 88 ಕೀಗಳಿಗೆ 88 ಸೊಲೆನಾಯ್ಡ್‌ಗಳು. ಒಂದೊಂದಕ್ಕೂ ಬೇರೆ ಬೇರೆ ಕರೆಂಟು ಕೊಡಬಹುದು. ವೆಲ್ಟೆ ಸುರುಳಿಗೆ ಆಗದಿದ್ದ ನಡುವಿನ ಸ್ವರದ ಕೆಲಸ ಈಗ ಸಾಧ್ಯವಾಯಿತು.

ಅಳೆಯುವುದಕ್ಕೆ ಬೆಳಕನ್ನು ಹಿಡಿದರು. ಕೀಗೆ ಒಂದು ಪುಟ್ಟ ತಗಡು ಅಂಟಿಸಿ, ಅದು ಕೆಳಗಿಳಿದಾಗ ಎಲ್‌ಇಡಿಯ ಬೆಳಕನ್ನು ಅಡ್ಡಗಟ್ಟುವ ಹಾಗೆ ಮಾಡಿದರು. ಹಾದಿಯಲ್ಲಿ ಎರಡು ಕಡೆ ಬೆಳಕು ಕಡಿದರೆ, ನಡುವಿನ ಸಮಯ ನೋಡಿ ವೇಗ ಲೆಕ್ಕ ಹಾಕಬಹುದು. ಕರೆಂಟಿನ ಕೀಬೋರ್ಡ್ ವಾದ್ಯಗಳೂ ಇದನ್ನೇ ಬೇರೆ ರೀತಿಯಲ್ಲಿ ಮಾಡುತ್ತವೆ. ವಾದ್ಯಗಳೂ ಕಂಪ್ಯೂಟರುಗಳೂ ಒಂದಕ್ಕೊಂದು ಸೂಚನೆ ಕಳಿಸಲು 1983ರಲ್ಲಿ ಬಂದ ಮಿಡಿ ಎಂಬ ಒಪ್ಪಂದ ಈ ವೇಗವನ್ನು 1ರಿಂದ 127ರವರೆಗಿನ ಅಂಕಿಯಲ್ಲಿ ಬರೆಯಲು ಹೇಳಿತು.

127 ಮೆಟ್ಟಿಲು ಸಾಲದೇ? ಡಾನ್ಸಿಗೆ, ಮದುವೆ ಹಾಲಿನ ಸಂಗೀತಕ್ಕೆ ಸಾಕು. ಪಳಗಿದ ಕಿವಿಗೆ ಸಾಲದು, ಅದರಲ್ಲೂ ಮೆಲ್ಲಗಿನ ಕಡೆ. ಸದ್ದು ಹುಟ್ಟುವುದೋ ಬೇಡವೋ ಅನ್ನುವ ಗಡಿಯಲ್ಲಿ ಒಂದೊಂದು ಮೆಟ್ಟಿಲೂ ದೊಡ್ಡ ಜಿಗಿತದಂತೆ ಕೇಳುತ್ತದೆ.

ಇಲ್ಲಿಂದ ಮುಂದಿನ ಸುಧಾರಣೆಗಳೇ ಇವತ್ತಿನ ಪಿಯಾನೋಗಳನ್ನು ಬೇರೆಯಾಗಿಸಿದ್ದು. ಅಮೆರಿಕದ ವೇಯ್ನ್ ಸ್ಟಾಂಕೆ ಎಂಬ ಎಂಜಿನಿಯರ್ 80ರ ದಶಕದಲ್ಲೇ ಬೋಸೆನ್‌ಡೋರ್ಫರ್ ಪಿಯಾನೋಗಳಿಗೆ ಒಂದು ವ್ಯವಸ್ಥೆ ಕಟ್ಟಿದರು. ಕೀ ನೋಡಿ ಊಹಿಸುವುದನ್ನು ಬಿಟ್ಟು ಸುತ್ತಿಗೆಯ ಕೊನೆಯ ಹಾರಾಟವನ್ನೇ ಅಳೆದರು, ಸೆಕೆಂಡಿನ 800ನೇ ಒಂದು ಭಾಗದ ಲೆಕ್ಕದಲ್ಲಿ. ಸುತ್ತಿಗೆಗೆ ವೇಗ ಒಂದೇ ಉಳಿದಿರುತ್ತದೆ ಅಂದೆನಲ್ಲ, ಅಳೆಯಬೇಕಾದ್ದೂ ಅಲ್ಲಿಯೇ. ಯಮಹಾದ ಡಿಸ್‌ಕ್ಲಾವಿಯರ್ ಪ್ರೊ ಮಾದರಿಗಳು ವೇಗವನ್ನು 1023 ಮೆಟ್ಟಿಲುಗಳಲ್ಲಿ, ಪೆಡಲನ್ನು 256 ಹಂತಗಳಲ್ಲಿ ಬರೆಯುತ್ತವೆ. ಸ್ಟೈನ್‌ವೇ ಕಂಪನಿ 2015ರಲ್ಲಿ ಸ್ಪಿರಿಯೋ ತಂದಿತು. ಅದು ನುಡಿಸುತ್ತಿತ್ತು, ರೆಕಾರ್ಡ್ ಮಾಡುತ್ತಿರಲಿಲ್ಲ. 2019ರಲ್ಲಿ ರೆಕಾರ್ಡ್ ಮಾಡುವ ಮಾದರಿಯೂ ಬಂತು. ಸುತ್ತಿಗೆಯ ವೇಗಕ್ಕೆ 1020 ಹಂತ, ಸೆಕೆಂಡಿಗೆ 800 ಸಲ. ಪೆಡಲಿಗೆ 256 ಹಂತ, ಸೆಕೆಂಡಿಗೆ 100 ಸಲ.

ಪೆಡಲಿಗೆ ಇಷ್ಟು ಹಂತ ಯಾಕೆ ಅನ್ನಬಹುದು. ಬಲಗಾಲಿನ ಪೆಡಲ್ ಒತ್ತಿದರೆ ತಂತಿಗಳನ್ನು ಸುಮ್ಮನಿರಿಸುವ ಡ್ಯಾಂಪರ್‌ಗಳೆಲ್ಲ ಮೇಲೇಳುತ್ತವೆ, ನಾದ ಉಳಿಯುತ್ತದೆ. ಅರ್ಧ ಮಾತ್ರ ಒತ್ತಿದರೆ ಡ್ಯಾಂಪರಿನ ಫೆಲ್ಟ್ ತಂತಿಗೆ ಸವರುತ್ತಾ ಇರುತ್ತದೆ. ಹಳೆಯ ಸ್ವರ ಪೂರ್ತಿ ಅಳಿಯದೆ ಮಸುಕಾಗುತ್ತದೆ. ಪಿಯಾನೋದವರ ಅರ್ಧ ಕಲೆ ಕಾಲಿನಲ್ಲಿದೆ. ಹಳೆಯ ಯಂತ್ರಗಳಿಗೆ ಅದು ಸ್ವಿಚ್ಚು, ಹಾಕು ಇಲ್ಲವೇ ಆರಿಸು.

ತನ್ನನ್ನೇ ನೋಡಿಕೊಂಡು ತಿದ್ದಿಕೊಳ್ಳುವುದು

ಅಳೆಯುವುದು ಒಂದು ಕೆಲಸ. ಅಳೆದದ್ದನ್ನು ಮರಳಿ ನುಡಿಸುವುದು ಅದಕ್ಕಿಂತ ಕಷ್ಟ. ನನಗೆ ಈ ಇಡೀ ವಿಷಯದಲ್ಲಿ ಅತಿ ಹಿಡಿಸಿದ ಭಾಗವೂ ಇದೇ.

ಒಂದು ಕೀಗೆ ಇಷ್ಟು ಕರೆಂಟು ಕೊಟ್ಟರೆ ಸುತ್ತಿಗೆ ಇಷ್ಟು ವೇಗದಲ್ಲಿ ಹಾರುತ್ತದೆ ಅಂತ ಒಮ್ಮೆ ಪಟ್ಟಿ ಮಾಡಿಟ್ಟುಕೊಂಡೆವು ಅನ್ನಿ. ಧಾರವಾಡದ ಜುಲೈ ತಿಂಗಳನ್ನು ನೆನೆಸಿಕೊಳ್ಳಿ. ಜಿಟಿಜಿಟಿ ಮಳೆ, ಕಪಾಟಿನ ಬಾಗಿಲು ಉಬ್ಬಿ ಮುಚ್ಚುವುದಿಲ್ಲ. ಪಿಯಾನೋದ ಕೀಯೂ ಮರವೇ, ಅದರ ಕಡ್ಡಿಗಳ ಸುತ್ತ ಇರುವುದೂ ಬಟ್ಟೆ, ಫೆಲ್ಟ್. ಎಲ್ಲವೂ ತೇವ ಹೀರಿ ಬಿಗಿಯಾಗುತ್ತವೆ. ಮಾರ್ಚಿನಲ್ಲಿ ಮಾಡಿದ ಪಟ್ಟಿಯ ಕರೆಂಟು ಜುಲೈಯಲ್ಲಿ ಸಾಲದೆ ಹೋಗುತ್ತದೆ. ಜೋರು ಸ್ವರಕ್ಕೆ ಅದು ಗೊತ್ತಾಗುವುದಿಲ್ಲ. ಮೆಲ್ಲಗಿನ ಸ್ವರ ಹುಟ್ಟುವುದೇ ಇಲ್ಲ. ಕೀ ಕೆಳಗಿಳಿಯುತ್ತದೆ, ಸುತ್ತಿಗೆ ತಂತಿ ಮುಟ್ಟದೆ ಬೀಳುತ್ತದೆ, ನೀವು ಆಗಲೇ ಮಾಡಿ ನೋಡಿದ ಆ ಪರೀಕ್ಷೆಯ ಹಾಗೆ.

ಇದಕ್ಕೆ ಕಂಡುಕೊಂಡ ಪರಿಹಾರ ಸರ್ವೋ. ಕರೆಂಟು ಕೊಟ್ಟು ಕೈ ತೊಳೆದುಕೊಳ್ಳದೆ, ಕೀ ಇಳಿಯುತ್ತಿರುವಾಗಲೇ ಅದು ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ನೋಡುತ್ತಾ ಇರುವುದು. ಹಿಂದೆ ಬಿತ್ತೋ, ಕರೆಂಟು ಏರಿಸು. ಮುಂದೆ ಓಡಿತೋ, ಇಳಿಸು. ಇದಕ್ಕೆ ಎರಡು ಬಿಂದುವಿನಲ್ಲಿ ಮಾತ್ರ ಬೆಳಕು ಕಡಿಯುವ ಹಳೆಯ ತಗಡು ಸಾಲದು. ಅದರ ಜಾಗದಲ್ಲಿ ತಿಳಿಯಿಂದ ಗಾಢಕ್ಕೆ ಮೆಲ್ಲನೆ ಕಪ್ಪಾಗುತ್ತಾ ಹೋಗುವ ಪಟ್ಟಿ ಬಂತು. ಎಷ್ಟು ಬೆಳಕು ದಾಟಿತು ಎಂಬುದರಿಂದ ಕೀ ಯಾವ ಎತ್ತರದಲ್ಲಿದೆ ಎಂದು ಪ್ರತಿ ಕ್ಷಣ ತಿಳಿಯುತ್ತದೆ. ಕೀ ಇಳಿಯುವ ದಾರಿ ಇರುವುದೇ ಸುಮಾರು 10 ಮಿಲಿಮೀಟರ್. ಅಷ್ಟರೊಳಗೆ ನೋಡಿ, ಲೆಕ್ಕ ಹಾಕಿ, ತಿದ್ದಿ ಮುಗಿಸಬೇಕು. ಕಂಪ್ಯೂಟರ್ ಚಿಪ್‌ಗಳು ವೇಗವಾದ ಮೇಲಷ್ಟೇ ಇದು ಕೈಗೆ ಬಂದದ್ದು.

ಇನ್ನೊಂದು ತೊಡಕು ಸಮಯದ್ದು. ಜೋರಾಗಿ ಹೊಡೆದಾಗ ಬೆರಳು ಕೀ ಮುಟ್ಟಿದ ಸುಮಾರು 25 ಮಿಲಿಸೆಕೆಂಡಿಗೆ ಸುತ್ತಿಗೆ ತಂತಿಗೆ ತಾಗುತ್ತದೆ. ತೀರಾ ಮೆಲ್ಲಗೆ ನುಡಿಸಿದರೆ 150 ಮಿಲಿಸೆಕೆಂಡಿಗೂ ಜಾಸ್ತಿ ಬೇಕು. ಎರಡು ಸ್ವರ ಒಟ್ಟಿಗೆ ಕೇಳಬೇಕೆಂದರೆ ಮೆಲ್ಲಗಿನದನ್ನು ಮೊದಲೇ ಹೊರಡಿಸಬೇಕು. ಕಲಾವಿದರ ಬೆರಳು ಇದನ್ನು ಅಭ್ಯಾಸದಿಂದಲೇ ಮಾಡಿಬಿಡುತ್ತದೆ. ಯಂತ್ರಕ್ಕೆ ಮಾತ್ರ ಮುಂದೇನು ಬರುತ್ತದೆ ಎಂದು ಮೊದಲೇ ಗೊತ್ತಿರಬೇಕು. ಅದಕ್ಕೇ ಹೊರಗಿನಿಂದ ಬಂದ ಮಿಡಿ ಸೂಚನೆಗಳನ್ನು ಡಿಸ್‌ಕ್ಲಾವಿಯರ್ ಅರ್ಧ ಸೆಕೆಂಡು ತಡೆದಿಟ್ಟುಕೊಂಡು, ಯಾವ ಕೀಯನ್ನು ಯಾವಾಗ ಎಬ್ಬಿಸಬೇಕು ಎಂದು ಲೆಕ್ಕ ಹಾಕಿ ಆಮೇಲೆ ನುಡಿಸುತ್ತದೆ. ಕೇಳುವವರಿಗೆ ಅದರ ಸುಳಿವೇ ಸಿಗುವುದಿಲ್ಲ.

ಸೊಲೆನಾಯ್ಡ್ ಬಿಸಿಯಾಗುವುದು, ಅದರದೇ ಟಕಟಕ ಸದ್ದು, ಅತಿ ಮೆಲ್ಲಗೆ ಅತಿ ವೇಗವಾಗಿ ಒಂದೇ ಸ್ವರ ಮರುನುಡಿಸಲು ತಡವರಿಸುವುದು ಇವೆಲ್ಲ ಇನ್ನೂ ಪೂರ್ತಿ ಹೋಗಿಲ್ಲ. ಶ್ರುತಿಯ ವಿಷಯದಲ್ಲಿ ಈ ಯಂತ್ರ ಏನನ್ನೂ ಮಾಡುವುದಿಲ್ಲ. ಮಳೆಗಾಲದಲ್ಲಿ ಹಲಗೆ ಉಬ್ಬಿ ಶ್ರುತಿ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. 230ರಷ್ಟು ತಂತಿಗಳನ್ನು ತಿರುಗಿಸಿ ಸರಿ ಮಾಡಲು ಟ್ಯೂನರ್ ಬರಲೇಬೇಕು. ನಮ್ಮ ಕಡೆ ಟ್ಯೂನರ್ ಸಿಗುವುದೇ ಕಷ್ಟ. ಹೊಸ ಗ್ರ್ಯಾಂಡ್ ಪಿಯಾನೋಗೆ ಹತ್ತಾರು ಲಕ್ಷ ಬೇಕು. ಇದ್ದ ಪಿಯಾನೋಗೇ ಕೂಡಿಸುವ ಪಿಯಾನೋಡಿಸ್ಕ್, ಕ್ಯುಆರ್‌ಎಸ್ ತರಹದ ಕಿಟ್‌ಗಳೂ ಇವೆ. ಅದಕ್ಕೆ ಕೀಗಳ ಕೆಳಗಿನ ಮರವನ್ನು ಉದ್ದಕ್ಕೆ ಕೊರೆಯಬೇಕಾಗುತ್ತದೆ. ಹಾಕಿಸುವ ಯೋಚನೆ ಇದ್ದರೆ ಮಾರುವವರನ್ನು ಎರಡು ವಿಷಯ ಕೇಳಿ: ರೆಕಾರ್ಡ್ ಮಾಡುವಾಗ ಅಳೆಯುವುದು ಕೀಯನ್ನು ಮಾತ್ರವೋ, ಸುತ್ತಿಗೆಯನ್ನೂ? ನುಡಿಸುವಾಗ ತನ್ನ ವೇಗ ತಾನೇ ನೋಡಿ ತಿದ್ದಿಕೊಳ್ಳುತ್ತದೋ, ಇಲ್ಲವೋ? ಉತ್ತರದಲ್ಲೇ ಬೆಲೆಯ ವ್ಯತ್ಯಾಸ ಅರ್ಥವಾಗುತ್ತದೆ.

ಬರೆದಿಟ್ಟ ಕೈಯಿಂದ ಏನುಪಯೋಗ?

2002ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಒಂದು ಪಿಯಾನೋ ಸ್ಪರ್ಧೆ ನಡೆಯಿತು. ತೀರ್ಪುಗಾರರಲ್ಲಿ ಒಬ್ಬರಾದ ಯೆಫಿಮ್ ಬ್ರಾನ್‌ಫ್‌ಮನ್ ಜಪಾನಿನಲ್ಲಿದ್ದರು. ಅಲ್ಲಿನ ಡಿಸ್‌ಕ್ಲಾವಿಯರ್ ಮಿನೆಸೋಟಾದ ಹುಡುಗರ ನುಡಿಸಾಣಿಕೆಯನ್ನು ಅವರ ಎದುರಿಗೇ ಮತ್ತೆ ನುಡಿಸಿತು. ಆ ಸ್ಪರ್ಧೆಯಲ್ಲಿ ವರ್ಷಗಟ್ಟಲೆ ಸೇರಿದ ರೆಕಾರ್ಡುಗಳಿಂದ ಗೂಗಲ್‌ನ ಮಜೆಂಟಾ ತಂಡ 2018ರಲ್ಲಿ ಸುಮಾರು 200 ಗಂಟೆಗಳ ಭಂಡಾರ ಮಾಡಿತು. ಕೇಳುವ ಸದ್ದು ಮತ್ತು ಬೆರಳಿನ ಲೆಕ್ಕ ಎರಡೂ ಅದರಲ್ಲಿ ಸುಮಾರು 3 ಮಿಲಿಸೆಕೆಂಡಿನ ನಿಖರತೆಯಲ್ಲಿ ಜೊತೆಗೂಡಿವೆ. ಸದ್ದು ಕೇಳಿ ಸ್ವರ ಬರೆಯುವುದನ್ನು ಕಂಪ್ಯೂಟರಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದು ಕಷ್ಟ.

ಹಿಮ್ಮುಖವಾಗಿಯೂ ಹೋಗಿದ್ದಾರೆ. ಝೆನ್ಫ್ ಎಂಬ ಕಂಪನಿ ಕೆನಡಾದ ಹೆಸರಾಂತ ಪಿಯಾನೋ ವಾದಕ ಗ್ಲೆನ್ ಗೂಲ್ಡ್ 1955ರಲ್ಲಿ ಮಾಡಿದ ಹಳೆಯ ಧ್ವನಿಮುದ್ರಣವನ್ನು ಕೆದಕಿ, ಒಂದೊಂದು ಸ್ವರದ ವೇಗ, ಪೆಡಲ್ ಲೆಕ್ಕ ಹಾಕಿ, 2006ರಲ್ಲಿ ಟೊರಾಂಟೋದಲ್ಲಿ ಡಿಸ್‌ಕ್ಲಾವಿಯರ್ ಪ್ರೊ ಮೇಲೆ ನುಡಿಸಿತು. ಗೂಲ್ಡ್ ತೀರಿಕೊಂಡಿದ್ದು 1982ರಲ್ಲಿ. ಇದನ್ನು ಗೂಲ್ಡ್ ನುಡಿಸಿದ್ದು ಎನ್ನಬಹುದೇ? ನನ್ನ ಮಟ್ಟಿಗೆ, ಇಲ್ಲ. ಗೂಲ್ಡ್ ಅವತ್ತು ಬೇರೆ ಪಿಯಾನೋದ ಸದ್ದು ಕೇಳುತ್ತಾ ಬೆರಳು ಹದ ಮಾಡಿಕೊಂಡಿದ್ದರು. ಕಲಾವಿದರು ತಮ್ಮ ಕಿವಿಗೆ ತಕ್ಕಂತೆ ಕೈ ತಿದ್ದುತ್ತಲೇ ಇರುತ್ತಾರೆ. ಈ ಯಂತ್ರ ಕೀಯ ವೇಗಕ್ಕೆ ತಕ್ಕಂತೆ ಮಾತ್ರ ತಿದ್ದಿಕೊಳ್ಳುತ್ತದೆ, ಕೋಣೆಯಲ್ಲಿ ನಾದ ಹೇಗೆ ಕೇಳಿತು ಎಂಬುದು ಅದಕ್ಕೆ ತಿಳಿಯದು. ಆದರೂ ಅಧ್ಯಯನಕ್ಕೆ ಇದು ಬಂಗಾರ. ಒಬ್ಬರು ಲಯದಲ್ಲಿ ಎಲ್ಲಿ ಕೂದಲೆಳೆಯಷ್ಟು ಹಿಂದೆ ನಿಂತರು, ಯಾವ ಸ್ವರವನ್ನು ಎಷ್ಟು ತಗ್ಗಿಸಿದರು ಎಂದು ನೋಡಿ ಕಲಿಯಬಹುದು.

ಇದನ್ನೆಲ್ಲ ಓದುವಾಗ ನನ್ನ ಮನಸ್ಸು ಪೇಟಿಯ ಕಡೆಗೇ ಹೋಗುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸಂಗೀತ ಕಲಿಸಿದರು. ಇಬ್ಬರಿಗೂ ದೃಷ್ಟಿ ಇರಲಿಲ್ಲ. ಅಂಥ ಮಗುವಿಗೆ ಬೆರಳು ಹೇಗೆ ಓಡಬೇಕು ಎಂದು ತೋರಿಸಲು ಗುರು ಕೈ ಹಿಡಿದೇ ಕಲಿಸಬೇಕು. ಗುರುಗಳ ನುಡಿಸಾಣಿಕೆಯನ್ನು ಬರೆದಿಟ್ಟುಕೊಂಡು, ಕೀಗಳನ್ನು ತಾನೇ ಆಡಿಸುವ ಪೇಟಿಯೊಂದಿದ್ದರೆ, ಮಗು ಆ ಕೀಗಳ ಮೇಲೆ ಬೆರಳು ಇಟ್ಟುಕೊಂಡು ಕೂರಬಹುದು. ಎಷ್ಟು ಸಲ ಬೇಕಾದರೂ, ಎಷ್ಟು ನಿಧಾನಕ್ಕೆ ಬೇಕಾದರೂ. ವೇಗ ತಗ್ಗಿಸಿದರೆ ಧ್ವನಿಮುದ್ರಣದ ನಾದ ಕೆಡುತ್ತದೆ, ಬೆರಳಿನ ಲೆಕ್ಕಕ್ಕೆ ಆ ತೊಂದರೆ ಇಲ್ಲ.

ಆಕಾಶವಾಣಿ 1940ರಿಂದ 1971ರವರೆಗೆ ಪೇಟಿಯನ್ನು ಹೊರಗಿಟ್ಟಿತ್ತು. ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಾ ಹೋಗುವುದು) ಬರುವುದಿಲ್ಲ, ಶ್ರುತಿ ನಮ್ಮದಲ್ಲ ಎಂಬ ವಾದಗಳಿದ್ದವು. ಮೀಂಡ್ ಪಿಯಾನೋದಲ್ಲೂ ಬರುವುದಿಲ್ಲ. ಆದರೆ ಸ್ವರ ಹುಟ್ಟಿದ ಮೇಲೂ ಅದನ್ನು ಉಬ್ಬಿಸುವ, ತಗ್ಗಿಸುವ ಶಕ್ತಿ ಪೇಟಿಗಿದೆ, ಪಿಯಾನೋಗಿಲ್ಲ. ಅದಕ್ಕೇ ಪೇಟಿಯನ್ನು ಬರೆದಿಡುವ ಲೆಕ್ಕ ಬೇರೆ. ಇಲ್ಲಿ ಸುತ್ತಿಗೆ ಇಲ್ಲ, ಬೆರಳಿನ ವೇಗಕ್ಕೆ ಅಷ್ಟು ಬೆಲೆ ಇಲ್ಲ. ಕೀಯನ್ನು ಎಷ್ಟು ಆಳ ಒತ್ತಿದ್ದಾರೆ ಮತ್ತು ಆ ಕ್ಷಣ ತಿದಿಯೊಳಗೆ ಗಾಳಿಯ ಒತ್ತಡ ಎಷ್ಟಿದೆ, ಈ ಎರಡು ಬೇಕು. ಆಳಕ್ಕೆ ಮೇಲೆ ಹೇಳಿದ ಬೆಳಕಿನ ಪಟ್ಟಿ ಸಾಕು. ಒತ್ತಡಕ್ಕೆ ಗಾಳಿಪೆಟ್ಟಿಗೆಯೊಳಗೆ ಒಂದು ಸೆನ್ಸರ್. ನುಡಿಸುವಾಗ ಕೀಗೆ ಸಣ್ಣ ಸೊಲೆನಾಯ್ಡ್, ಎಡಗೈಯ ಬದಲು ಒತ್ತಡ ನೋಡಿಕೊಂಡು ಗಾಳಿ ತುಂಬುವ ಒಂದು ಪಂಪು. ಪೇಟಿಯ ಕೀ ಹಗುರ, ಪಿಯಾನೋದಷ್ಟು ಬಲ ಬೇಡ.

ಐಐಟಿ ಧಾರವಾಡದಲ್ಲೇ ಇದೆ, ಹುಬ್ಬಳ್ಳಿಯಲ್ಲಿ ಬಿವಿಬಿ ಎಂಜಿನಿಯರಿಂಗ್ ಕಾಲೇಜು (ಈಗ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ) ಇದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ, ಮೊದಲು ಒತ್ತಡದ ಸೆನ್ಸರಿನಿಂದ ಶುರು ಮಾಡಿ, ಅದೇ ಕಷ್ಟದ ಭಾಗ. ಬಿಚ್ಚಿ ನೋಡಲು ಪೇಟಿ ಬೇಕಿದ್ದರೆ ನನ್ನ ಹಳೆಯ ಪೇಟಿ ಕೊಡುತ್ತೇನೆ. ಅದರ ಮಧ್ಯ ಸಪ್ತಕದ ಎರಡು ರೀಡು ಹೋಗಿವೆ, ಉಳಿದದ್ದೆಲ್ಲ ಚೆನ್ನಾಗಿದೆ.